ಆರ್ಯನ್ ನೇಷನ್ಸ್ ಮುಳುಗಿದ್ದು ಹೇಗೆ, ಅದೇ ಏಟು ಈಗ ಯಾಕೆ ಬೀಳುತ್ತಿಲ್ಲ

2025ರ ಜನವರಿಯಲ್ಲಿ ಬೋಸ್ಟನ್‌ನ ಫೆಡರಲ್ ಕೋರ್ಟ್ ಪೇಟ್ರಿಯಟ್ ಫ್ರಂಟ್ ಅನ್ನೋ ಗುಂಪಿಗೆ 27 ಲಕ್ಷ ಡಾಲರಿಗೂ ಜಾಸ್ತಿ ಪರಿಹಾರ ಕಟ್ಟಬೇಕು ಅಂತ ಆದೇಶ ಮಾಡಿತು. 2022ರ ಜುಲೈನಲ್ಲಿ ಮುಖವಾಡ ಹಾಕಿಕೊಂಡು ಬೋಸ್ಟನ್ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ಈ ಬಿಳಿಯರ ಗುಂಪು, ಎದುರಿಗೆ ಸಿಕ್ಕ ಒಬ್ಬ ಕಪ್ಪು ಸಂಗೀತಗಾರನ ಮೇಲೆ ಕೈಮಾಡಿತ್ತು. ಕೇಸು ಗೆದ್ದಾಯಿತು. ಆದರೆ ಗುಂಪಿನ ಪರವಾಗಿ ಕೋರ್ಟಿಗೆ ಒಬ್ಬರೂ ಬರಲಿಲ್ಲ. ವಕೀಲರೂ ಇಲ್ಲ, ಉತ್ತರವೂ ಇಲ್ಲ. ಈಗ ಆ ದುಡ್ಡನ್ನು ಯಾರಿಂದ, ಎಲ್ಲಿಂದ ವಸೂಲಿ ಮಾಡೋದು?

ಈ ಪ್ರಶ್ನೆ 25 ವರ್ಷದ ಹಿಂದೆ ಬಂದಿರಲಿಲ್ಲ. ಆಗ ಎದುರಾಳಿಗೆ ವಿಳಾಸ ಇತ್ತು. ಐಡಹೋ ರಾಜ್ಯದ ಉತ್ತರ ತುದಿಯಲ್ಲಿ ಹೇಡನ್ ಲೇಕ್ ಅನ್ನೋ ಊರಿನ ಹತ್ತಿರ ಪೈನ್ ಮರಗಳ ನಡುವೆ 20 ಎಕರೆ ಜಾಗ, ಅಲ್ಲೊಂದು ಚರ್ಚು, ಒಂದು ಕಾವಲು ಗೋಪುರ, ಬಾಗಿಲಲ್ಲಿ 'ಬಿಳಿಯರಿಗೆ ಮಾತ್ರ' ಅಂತ ಬೋರ್ಡು. ಅದು ಆರ್ಯನ್ ನೇಷನ್ಸ್‌ನ ಕೇಂದ್ರ. ಅಮೆರಿಕದಲ್ಲಿ ಬಿಳಿಯರೇ ಶ್ರೇಷ್ಠ ಅನ್ನುವ ಸಂಘಟನೆಗಳು ಒಂದೆರಡಲ್ಲ, ಆದರೆ 1980ರ ದಶಕದಲ್ಲಿ ಇವೆಲ್ಲವೂ ಬಂದು ಕೂಡುತ್ತಿದ್ದ ಅಂಗಳ ಅಂದರೆ ಇದೇ. ಕಪ್ಪು ಜನರ ಮೇಲಿನ ಹಿಂಸೆಗೆ ಹೆಸರಾದ ಕು ಕ್ಲುಕ್ಸ್ ಕ್ಲಾನ್‌ನವರು, ನಾಜಿ ಗುಂಪಿನವರು, ತಲೆ ಬೋಳಿಸಿದ ಸ್ಕಿನ್‌ಹೆಡ್ ಹುಡುಗರು, ಜೈಲಿನಿಂದ ಹೊರಬಿದ್ದವರು, ಎಲ್ಲರೂ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಇಲ್ಲಿಗೆ ಬಂದು ಶಿಲುಬೆ ಸುಟ್ಟು ಹೋಗುತ್ತಿದ್ದರು.

ಇದರ ಯಜಮಾನ ರಿಚರ್ಡ್ ಬಟ್ಲರ್. ರೌಡಿಯ ಚಿತ್ರ ಕಣ್ಣ ಮುಂದೆ ಬಂದರೆ ಅದನ್ನು ಬಿಟ್ಟುಬಿಡಿ. 1918ರಲ್ಲಿ ಕೊಲರಾಡೋದಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಬೆಳೆದವನು, ಓದಿದ್ದು ವಿಮಾನ ಎಂಜಿನಿಯರಿಂಗ್, ಕೆಲಸ ಮಾಡಿದ್ದು ಲಾಕ್‌ಹೀಡ್ ಕಂಪನಿಯಲ್ಲಿ. ಟ್ಯೂಬ್ ಇಲ್ಲದ ಟೈರಿಗೆ ಬೇಗ ಪಂಕ್ಚರ್ ಹಾಕುವ ಒಂದು ವಿಧಾನ ಕಂಡುಹಿಡಿದವರಲ್ಲಿ ಇವನೂ ಒಬ್ಬ. ಕೆಲಸದ ನೆಪದಲ್ಲಿ ಭಾರತದ ಸಂಪರ್ಕವೂ ಇತ್ತು, ಇಲ್ಲಿಯ ಜಾತಿ ಕಟ್ಟುಪಾಡು ಅವನಿಗೆ ಬಹಳ ಹಿಡಿಸಿತ್ತು ಅಂತ ಅವನ ಬಗ್ಗೆ ಬರೆದವರು ಹೇಳುತ್ತಾರೆ. ನಾವು ಓದಿ ಹೆಮ್ಮೆಪಡುವ ವಿಷಯ ಅಲ್ಲ ಬಿಡಿ.

ಕ್ಯಾಲಿಫೋರ್ನಿಯಾದಲ್ಲಿ ವೆಸ್ಲಿ ಸ್ವಿಫ್ಟ್ ಅನ್ನೋ ಬೋಧಕನ ಶಿಷ್ಯನಾಗಿ ಬಟ್ಲರ್ 'ಕ್ರಿಶ್ಚಿಯನ್ ಐಡೆಂಟಿಟಿ' ಅನ್ನೋ ಪಂಥಕ್ಕೆ ಬಿದ್ದ. ಬೈಬಲಿನಲ್ಲಿ ಬರುವ ಇಸ್ರೇಲಿನ ನಿಜವಾದ ವಾರಸುದಾರರು ಬಿಳಿಯರು, ಯಹೂದಿಗಳು ಸೈತಾನನ ಸಂತಾನ, ಉಳಿದ ಬಣ್ಣದವರು ಮನುಷ್ಯರ ಲೆಕ್ಕಕ್ಕೇ ಬರೋದಿಲ್ಲ ಅನ್ನೋದು ಇವರ ನಂಬಿಕೆ. ಸ್ವಿಫ್ಟ್ 1970ರಲ್ಲಿ ತೀರಿಕೊಂಡ. ಬಟ್ಲರ್ 70ರ ದಶಕದ ಮಧ್ಯಕ್ಕೆ ಕೆಲಸ ಬಿಟ್ಟು ಐಡಹೋಗೆ ಬಂದು ನೆಲೆಯೂರಿದ, ಗುರುವಿನ ಚರ್ಚಿನ ಹೆಸರನ್ನೂ ಜೊತೆಗೇ ತಂದ. ಅದರ ರಾಜಕೀಯ ಮುಖವೇ ಆರ್ಯನ್ ನೇಷನ್ಸ್. ಅವನ ಕನಸು ಏನಪ್ಪಾ ಅಂದರೆ ವಾಷಿಂಗ್ಟನ್, ಒರೆಗಾನ್, ಐಡಹೋ, ಮೊಂಟಾನಾ, ವಯೋಮಿಂಗ್, ಈ ಐದು ರಾಜ್ಯಗಳನ್ನು ಕಿತ್ತುಕೊಂಡು ಬಿಳಿಯರದೇ ಒಂದು ದೇಶ ಮಾಡೋದು. ಅವನು ಗೆರೆ ಎಳೆದ ಆ ನಕ್ಷೆಯೊಳಗೆ ಸಿಯಾಟಲ್ ಕೂಡ ಬರುತ್ತದೆ. ಇವತ್ತು ಅಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಕನ್ನಡಿಗರು ಯುಗಾದಿ, ರಾಜ್ಯೋತ್ಸವ ಮಾಡಿಕೊಂಡಿದ್ದಾರೆ. ಹೇಡನ್ ಲೇಕ್‌ನಿಂದ ಕಾರಿನಲ್ಲಿ ಐದಾರು ಗಂಟೆ ದೂರ, ಅಷ್ಟೇ.

ಬಟ್ಲರ್ ತಾನಾಗಿ ಬಂದೂಕು ಹಿಡಿದು ಯಾರನ್ನೂ ಕೊಂದವನಲ್ಲ. ಅವನು ಭಾಷಣ ಮಾಡುತ್ತಿದ್ದ, ಜಾಗ ಕೊಡುತ್ತಿದ್ದ, ಊಟ ಹಾಕುತ್ತಿದ್ದ. ಅಲ್ಲಿಗೆ ಬಂದುಹೋದವರು ಮಾಡಿದ್ದೇ ಬೇರೆ. ರಾಬರ್ಟ್ ಮ್ಯಾಥ್ಯೂಸ್ ಅನ್ನೋನು 1983ರಲ್ಲಿ 'ದಿ ಆರ್ಡರ್' ಅನ್ನೋ ಗುಂಪು ಕಟ್ಟಿದಾಗ ಅದಕ್ಕೆ ಆಳುಗಳು ಸಿಕ್ಕಿದ್ದು ಬಟ್ಲರ್‌ನ ಅಂಗಳದಿಂದಲೂ. ಮರುವರ್ಷ ಜೂನ್‌ನಲ್ಲಿ ಆ ಗುಂಪು ಡೆನ್ವರ್‌ನ ಯಹೂದಿ ರೇಡಿಯೋ ನಿರೂಪಕ ಆಲನ್ ಬರ್ಗ್ ಅವರನ್ನು ಮನೆ ಮುಂದೆಯೇ ಗುಂಡಿಟ್ಟು ಕೊಂದಿತು. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಯುಕಾಯಾ ಹತ್ತಿರ ಹಣ ಸಾಗಿಸುವ ಟ್ರಕ್ ಅಡ್ಡಗಟ್ಟಿ 36 ಲಕ್ಷ ಡಾಲರ್ ದೋಚಿತು. ಡಿಸೆಂಬರಿನಲ್ಲಿ ಮ್ಯಾಥ್ಯೂಸ್ ಎಫ್‌ಬಿಐ ಜೊತೆಗಿನ ಕಾಳಗದಲ್ಲಿ ಸತ್ತ. 1999ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್‌ನ ಯಹೂದಿ ಸಮುದಾಯ ಕೇಂದ್ರದಲ್ಲಿ ಮಕ್ಕಳ ಮೇಲೆ ಗುಂಡು ಹಾರಿಸಿ, ಆಮೇಲೆ ಫಿಲಿಪೀನ್ಸ್ ಮೂಲದ ಒಬ್ಬ ಅಂಚೆಯವರನ್ನು ಕೊಂದ ಬ್ಯುಫರ್ಡ್ ಫರೋ ಕೂಡ ಒಂದು ಕಾಲಕ್ಕೆ ಬಟ್ಲರ್‌ನ ಅಂಗಳದಲ್ಲಿ ಕಾವಲಿಗಿದ್ದವನೇ.

ಸರ್ಕಾರ ಸುಮ್ನೆ ಕೂತಿರಲಿಲ್ಲ. 1988ರಲ್ಲಿ ಅರ್ಕನ್ಸಾದ ಫೋರ್ಟ್ ಸ್ಮಿತ್‌ನಲ್ಲಿ ಬಟ್ಲರ್ ಸೇರಿ ಹಲವರ ಮೇಲೆ ದೇಶದ್ರೋಹದ ಸಂಚಿನ ಕೇಸು ನಡೆಯಿತು. ಜ್ಯೂರಿ, ಅಂದರೆ ತೀರ್ಪು ಹೇಳೋಕೆ ಆರಿಸಿದ ಸಾಮಾನ್ಯ ಜನರ ತಂಡ, ಎಲ್ಲರನ್ನೂ ಬಿಟ್ಟುಬಿಟ್ಟಿತು. ಭಾಷಣ ಬೇರೆ, ಸಂಚು ಬೇರೆ, ಎರಡಕ್ಕೂ ಗಂಟು ಹಾಕೋದು ಪ್ರಾಸಿಕ್ಯೂಷನ್ ಕೈಯಲ್ಲಿ ಆಗಲಿಲ್ಲ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಹಾಗೆ, ಎಷ್ಟು ಹೊಲಸು ಮಾತಾಡಿದರೂ ಮಾತಿಗೆ ರಕ್ಷಣೆ ಇದೆ. ಕೋರ್ಟಿನಿಂದ ಹೊರಬಂದ ಬಟ್ಲರ್‌ಗೆ ಇದು ಗೆಲುವೇ.

ಹಾಗಾದರೆ ಅವನನ್ನು ಕೆಡವಿದ್ದು ಯಾರು? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಈ ಕಥೆ ಹೇಳುವವರೆಲ್ಲ ನೇರವಾಗಿ ಕೋರ್ಟಿನ ತೀರ್ಪಿಗೆ ಹಾರಿಬಿಡುತ್ತಾರೆ. ಅದಕ್ಕೂ 20 ವರ್ಷ ಮೊದಲೇ ಊರಿನವರು ಕೆಲಸ ಶುರು ಮಾಡಿದ್ದರು. 1980ರ ಕೊನೆಯಲ್ಲಿ ಹೇಡನ್‌ನಲ್ಲಿ ಒಬ್ಬ ಯಹೂದಿಯ ಹೋಟೆಲ್ ಗೋಡೆ ಮೇಲೆ ನಾಜಿ ಸ್ವಸ್ತಿಕ ಬಳಿದು ಹೋದರು. ಅದಾದ ಮೇಲೆ ಪಕ್ಕದ ಕೋರ್ ಡಲೇನ್ ಊರಿನ ಕೆಲವರು ಸೇರಿ ಕೂಟ್ನಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಮಾನವ ಸಂಬಂಧಗಳ ಕಾರ್ಯಪಡೆ ಅಂತ ಒಂದು ಸಮಿತಿ ಮಾಡಿಕೊಂಡರು. ಅದರ ಮುಂಚೂಣಿಯಲ್ಲಿದ್ದವರು ಬಿಲ್ ವಾಸ್ಮತ್ ಅನ್ನೋ ಕ್ಯಾಥೊಲಿಕ್ ಪಾದ್ರಿ. 1986ರ ಸೆಪ್ಟೆಂಬರಿನಲ್ಲಿ ಅವರ ಮನೆಗೆ ಬಾಂಬ್ ಇಟ್ಟರು. ಅವರು ಒಳಗೇ ಇದ್ದರು, ಬದುಕಿಕೊಂಡರು. ಸಮಿತಿ ಮುಚ್ಚಲಿಲ್ಲ, ಇನ್ನೂ ಜನ ಸೇರಿಕೊಂಡರು.

ಅವರ ಒಂದು ಉಪಾಯ ನನಗೆ ತುಂಬಾ ಇಷ್ಟ. 1998ರ ಜುಲೈನಲ್ಲಿ ಬಟ್ಲರ್ ಕೋರ್ ಡಲೇನ್ ಪೇಟೆಯಲ್ಲಿ ಮೆರವಣಿಗೆ ಮಾಡ್ತೀನಿ ಅಂತ ಹೊರಟ. ಅನುಮತಿ ಕೊಡದೇ ಇರೋಕೆ ಕಾನೂನು ಬಿಡೋದಿಲ್ಲ. ಎದುರಿಗೆ ನಿಂತು ಕೂಗಾಡಿದರೆ ಟಿವಿಯವರು ಬರುತ್ತಾರೆ, ಅವನಿಗೆ ಬೇಕಾಗಿದ್ದೂ ಅದೇ. ಸಮಿತಿಯವರು ಏನು ಮಾಡಿದರು ಅಂದರೆ, ಮೆರವಣಿಗೆ ಎಷ್ಟು ನಿಮಿಷ ನಡೆಯುತ್ತದೋ ಅಷ್ಟು ನಿಮಿಷಕ್ಕೆ ಲೆಕ್ಕ ಹಾಕಿ ಜನರಿಂದ ಚಂದಾ ಬರೆಸಿಕೊಂಡರು. ಬಂದ ದುಡ್ಡು ಮಾನವ ಹಕ್ಕುಗಳ ಕೆಲಸಕ್ಕೆ. ಅಂದರೆ ಬಟ್ಲರ್ ನಿಧಾನಕ್ಕೆ ನಡೆದಷ್ಟೂ ಅವನ ವಿರೋಧಿಗಳ ಡಬ್ಬಿ ತುಂಬುತ್ತದೆ. ಇಂಥ ತಲೆ ಓಡಿಸೋಕೆ ಒಂದು ಹುಡುಗಾಟದ ಬುದ್ಧಿ ಬೇಕು ಅಲ್ವಾ?

ಅದೇ ತಿಂಗಳ 1ನೇ ತಾರೀಖು ಬಟ್ಲರ್‌ನ ಹಣೆಬರಹ ಆಗಲೇ ಬರೆದಾಗಿತ್ತು, ಅವನಿಗೆ ಗೊತ್ತಿರಲಿಲ್ಲ. ಒಬ್ಬ ತಾಯಿ, ಮಗ ಕಾರಿನಲ್ಲಿ ಹೋಗುತ್ತಿದ್ದವರು ಬಿದ್ದುಹೋದ ಪರ್ಸ್ ಹುಡುಕೋಕೆ ಅಂತ ಆ ಜಾಗದ ಗೇಟಿನ ಹತ್ತಿರ ನಿಲ್ಲಿಸಿದರು. ವಾಪಸ್ ಹೊರಟಾಗ ಕಾರಿನ ಸೈಲೆನ್ಸರ್ ಢಂ ಅಂದಿತೋ, ಯಾರೋ ಪಟಾಕಿ ಹಚ್ಚಿದರೋ, ಒಟ್ಟಿನಲ್ಲಿ ಒಳಗಿದ್ದ ಕಾವಲಿನವರಿಗೆ ಯಾರೋ ಗುಂಡು ಹಾರಿಸಿದರು ಅನ್ನಿಸಿತು. ಟ್ರಕ್ ಹತ್ತಿ ಎರಡು ಮೈಲಿಗೂ ಜಾಸ್ತಿ ಅಟ್ಟಿಸಿಕೊಂಡು ಹೋದರು. ಗುಂಡು ಹಾರಿಸುತ್ತಲೇ ಹೋದರು. ಟೈರಿಗೆ ಗುಂಡು ಬಿತ್ತು, ಕಾರು ಚರಂಡಿಗೆ ಇಳಿಯಿತು. ತಾಯಿಯ ಕೂದಲು ಹಿಡಿದು, ಬಂದೂಕಿನ ಹಿಂಬದಿಯಿಂದ ಇಬ್ಬರನ್ನೂ ಹೊಡೆದು, ಕೊಲ್ತೀವಿ ಅಂತ ಹೆದರಿಸಿದರು. ಇನ್ನೊಂದು ಗಾಡಿ ಆ ದಾರಿಯಲ್ಲಿ ಬಂತು, ಬಿಟ್ಟು ಹೋದರು.

ಹೊಡೆದವರು ಜೈಲಿಗೆ ಹೋದರು. ಕ್ರಿಮಿನಲ್ ಕೇಸು ಅಲ್ಲಿಗೆ ಮುಗಿಯಿತು. ಆದರೆ ನಾರ್ಮ್ ಗಿಸೆಲ್ ಅನ್ನೋ ಸ್ಥಳೀಯ ವಕೀಲರು, ಇವರೂ ಆ ಸಮಿತಿಯವರೇ, ತಾಯಿ ಮಗನ ಕೇಸನ್ನು ನಾಗರಿಕ ಹಕ್ಕುಗಳ ಕೇಸು ನಡೆಸುವ ಸಂಸ್ಥೆ, ಅಲಬಾಮಾದ ಸದರ್ನ್ ಪಾವರ್ಟಿ ಲಾ ಸೆಂಟರ್‌ವರೆಗೂ ಮುಟ್ಟಿಸಿದರು. ಅಲ್ಲಿದ್ದ ಮಾರಿಸ್ ಡೀಸ್ ಈ ಆಟದಲ್ಲಿ ಪಳಗಿದ ಕೈ. 1987ರಲ್ಲಿ ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕ ವಿರುದ್ಧ 70 ಲಕ್ಷ ಡಾಲರಿನ ತೀರ್ಪು ತಂದವರು. ಆ ಕೇಸಿನಲ್ಲಿ ಮಗನನ್ನು ಕಳೆದುಕೊಂಡಿದ್ದ ತಾಯಿಗೆ ಕೊನೆಗೆ ಸಿಕ್ಕಿದ್ದು ಕ್ಲಾನ್‌ನ ಕೇಂದ್ರ ಕಟ್ಟಡ ಮಾತ್ರ, ಅದನ್ನು ಮಾರಿದಾಗ ಬಂದಿದ್ದು ಐವತ್ತು ಸಾವಿರ ಡಾಲರಿನ ಆಸುಪಾಸು. ಆದರೆ ಕ್ಲಾನ್‌ನ ಆ ಬಣ ಮತ್ತೆ ಮೇಲೇಳಲಿಲ್ಲ. (ಡೀಸ್ ಅವರನ್ನು 2019ರಲ್ಲಿ ಅದೇ ಸಂಸ್ಥೆ ಹೊರಗೆ ಹಾಕಿತು, ಸಂಸ್ಥೆಯ ಒಳಗಿನ ನಡವಳಿಕೆ ಬಗ್ಗೆ ಬಂದ ದೂರುಗಳ ಗಲಾಟೆಯಲ್ಲಿ. ಅದೊಂದು ಬೇರೆಯೇ ಪುರಾಣ.)

ಡೀಸ್ ಹಿಡಿದ ದಾರಿ ಸರಳ. ಬಟ್ಲರ್ ಏನು ನಂಬುತ್ತಾನೆ, ಏನು ಬೋಧಿಸುತ್ತಾನೆ ಅನ್ನೋದು ಇಲ್ಲಿ ಮುಖ್ಯವೇ ಅಲ್ಲ. ಮುಖ್ಯ ಏನಂದರೆ, ಅವನು ಎಂಥವರನ್ನು ಕಾವಲಿಗೆ ಇಟ್ಟುಕೊಂಡ, ಅವರ ಕೈಗೆ ಬಂದೂಕು ಯಾಕೆ ಕೊಟ್ಟ, ತರಬೇತಿ ಕೊಟ್ಟನಾ, ಮೇಲೆ ಕಣ್ಣಿಟ್ಟನಾ? ನಮ್ಮಲ್ಲಿ ಲಾರಿ ಡ್ರೈವರ್ ಕುಡಿದು ಯಾರಿಗಾದರೂ ಗುದ್ದಿದರೆ ಲಾರಿ ಮಾಲೀಕನ ಮೇಲೂ ಪರಿಹಾರದ ಕೇಸು ಬೀಳುತ್ತಲ್ಲ, ಹಾಗೇ ಇದು. ಮಾಲೀಕ ಸ್ಟೇರಿಂಗ್ ಹಿಡಿದಿರಲಿಲ್ಲ ಅನ್ನೋದು ಅಲ್ಲಿ ನಡೆಯೋದಿಲ್ಲ. ಇನ್ನೊಂದು ಅನುಕೂಲ, ಸಿವಿಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಷ್ಟು ಸಾಬೀತು ಮಾಡಬೇಕಾಗಿಲ್ಲ, ತಕ್ಕಡಿ ಒಂದು ಕಡೆ ವಾಲಿದರೆ ಸಾಕು. ಫೋರ್ಟ್ ಸ್ಮಿತ್‌ನಲ್ಲಿ ಸರ್ಕಾರ ಸೋತ ಜಾಗದಲ್ಲೇ ಒಬ್ಬ ತಾಯಿ ಗೆಲ್ಲಬಹುದು ಅಂತಾಯಿತು.

2000ದ ಸೆಪ್ಟೆಂಬರ್ 7ರಂದು ಕೋರ್ ಡಲೇನ್‌ನ ಜ್ಯೂರಿ 63 ಲಕ್ಷ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. ಅದರಲ್ಲಿ ಬಹುಪಾಲು ಬಟ್ಲರ್ ತಲೆ ಮೇಲೆಯೇ. ತೀರ್ಪು ಕೊಟ್ಟ ಜ್ಯೂರಿಯವರು ನ್ಯೂಯಾರ್ಕಿನಿಂದ ಬಂದವರಲ್ಲ, ಅದೇ ಕೌಂಟಿಯವರು, ಇದು ಮುಖ್ಯ. ಬಟ್ಲರ್ ಹತ್ತಿರ ಅಷ್ಟು ದುಡ್ಡು ಎಲ್ಲಿತ್ತು? ದಿವಾಳಿ ಅರ್ಜಿ ಹಾಕಿದ. 2001ರ ಫೆಬ್ರವರಿಯಲ್ಲಿ ಆ 20 ಎಕರೆ ತಾಯಿ ಮಗನ ಪಾಲಾಯಿತು. ಜಾಗದ ಜೊತೆಗೆ ಹೆಸರೂ ಹೋಯಿತು. 'ಆರ್ಯನ್ ನೇಷನ್ಸ್' ಅನ್ನೋ ಹೆಸರಿನ ಹಕ್ಕು, ಚರ್ಚಿನ ಹೆಸರಿನ ಹಕ್ಕು, ಎರಡೂ ಅವರಿಗೇ. ಅವರು ಜಾಗವನ್ನು ಗ್ರೆಗ್ ಕಾರ್ ಅನ್ನೋ ಐಡಹೋ ಮೂಲದ ಶ್ರೀಮಂತನಿಗೆ 2,50,000 ಡಾಲರಿಗೆ ಮಾರಿದರು. ಕಟ್ಟಡಗಳನ್ನು ಅಗ್ನಿಶಾಮಕ ದಳದವರು ತಮ್ಮ ತರಬೇತಿಗೆ ಅಂತ ಸುಟ್ಟರು. ನೆಲವನ್ನು ಕಾರ್ ನಾರ್ತ್ ಐಡಹೋ ಕಾಲೇಜಿಗೆ ಕೊಟ್ಟುಬಿಟ್ಟರು.

ಇಲ್ಲಿಗೆ ಪರದೆ ಎಳೆದರೆ ಚೆನ್ನಾಗಿರುತ್ತೆ. ಆದರೆ ನನ್ನ ಲೆಕ್ಕ ಬೇರೆ. ತೀರ್ಪು ಜಾಗವನ್ನು ಕಿತ್ತುಕೊಂಡಿತು, ಸಂಘಟನೆಯನ್ನು ಒಳಗಿಂದ ತಿಂದು ಹಾಕಿದ್ದು ಬಟ್ಲರ್‌ನೇ. 1998ರಲ್ಲಿ ಅವನಿಗೆ ಆಗಲೇ 80 ವರ್ಷ. ದಶಕದ ಹಿಂದೆ ನೂರಾರು ಜನ ಬರುತ್ತಿದ್ದ ಬೇಸಿಗೆ ಸಮಾವೇಶ ಆಗ ಸೊರಗಿಹೋಗಿತ್ತು. ಎರಡನೇ ಸಾಲಿನ ನಾಯಕ ಅಂತ ಯಾರೂ ಇಲ್ಲ, ಬೆಳೆಯೋಕೆ ಬಿಟ್ಟರೆ ತಾನೇ? ಬಂದವರು ಒಂದೋ ಜೈಲಿಗೆ ಹೋಗುತ್ತಿದ್ದರು, ಇಲ್ಲಾ ಜಗಳ ಆಡಿ ಬೇರೆ ಅಂಗಡಿ ತೆರೆಯುತ್ತಿದ್ದರು.

ವಾರಸುದಾರ ಅಂತ ಮೊದಲು ಗುರುತಿಸಿದ್ದ ನ್ಯೂಮನ್ ಬ್ರಿಟನ್ 2001ರಲ್ಲಿ ತೀರಿಕೊಂಡ. ಆಮೇಲೆ ಬಂದವನು ಒಹಾಯೋದ ರೇ ರೆಡ್‌ಫೇರ್ನ್, ಪೊಲೀಸಿನವರ ಮೇಲೆ ಗುಂಡು ಹಾರಿಸಿ ಜೈಲು ಕಂಡವನು. ಅವನೂ ಪೆನ್ಸಿಲ್ವೇನಿಯಾದ ಆಗಸ್ಟ್ ಕ್ರೈಸ್ ಅನ್ನೋನೂ ಸೇರಿ ಸ್ವಲ್ಪ ದಿನದಲ್ಲೇ ಮುದುಕನ ವಿರುದ್ಧವೇ ತಿರುಗಿಬಿದ್ದು ನಾವೇ ಅಸಲಿ ಆರ್ಯನ್ ನೇಷನ್ಸ್ ಅಂದರು. ಬಟ್ಲರ್ ಅವರನ್ನು ಉಚ್ಚಾಟಿಸಿದ. ರೆಡ್‌ಫೇರ್ನ್ ಮತ್ತೆ ರಾಜಿಯಾದ, 2003ರಲ್ಲಿ ಸತ್ತ. ಕ್ರೈಸ್ ತನ್ನ ಬಣ ಕಟ್ಟಿಕೊಂಡು ಅಲ್ ಖೈದಾವನ್ನು ಹೊಗಳುವ ಮಟ್ಟಕ್ಕೆ ಹೋದ. ಆಮೇಲೆ ಮಾಜಿ ಸೈನಿಕರ ಪಿಂಚಣಿ ಹಣದಲ್ಲಿ ಮೋಸ ಮಾಡಿದ್ದಕ್ಕೆ ಶಿಕ್ಷೆಯಾಯಿತು, 2015ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 50 ವರ್ಷ ಜೈಲಾಯಿತು. ಜನಾಂಗದ ಶುದ್ಧಿ ಕಾಪಾಡೋಕೆ ಹೊರಟವರ ಯೋಗ್ಯತೆ ಇದು.

ಬಟ್ಲರ್‌ನ ಕೊನೆಯ ವರ್ಷಗಳು ನಗೆಪಾಟಲು. ಒಬ್ಬ ಅಭಿಮಾನಿ ಕೊಡಿಸಿದ ಮನೆಯಲ್ಲಿ ಹೇಡನ್‌ನಲ್ಲೇ ಇದ್ದ. 2003ರಲ್ಲಿ ಪ್ರಯಾಣ ಹೊರಟಾಗ ಅವನ ಜೊತೆಗಿದ್ದ ಮಹಿಳೆಯನ್ನು ಹತ್ತಿರದ ಸ್ಪೊಕೇನ್ ನಗರದ ಏರ್‌ಪೋರ್ಟಿನಲ್ಲಿ ಹಳೆಯ ಫೋರ್ಜರಿ ಕೇಸಿನ ವಾರಂಟ್ ಮೇಲೆ ಹಿಡಿದರು, ಆಕೆ ನೀಲಿಚಿತ್ರಗಳ ನಟಿ ಅಂತ ಗೊತ್ತಾಗಿ ಅವನ ಹಿಂಬಾಲಕರೇ ಮುಖ ಮುಚ್ಚಿಕೊಳ್ಳಬೇಕಾಯಿತು. ಅದೇ ವರ್ಷ ಹೇಡನ್ ಮೇಯರ್ ಚುನಾವಣೆಗೆ ನಿಂತ. ಊರಿನವರು ಹಾಕಿದ ಓಟು ಎಷ್ಟು ಕಡಿಮೆ ಅಂದರೆ ಲೆಕ್ಕ ಹಾಕೋಕೆ ಜಾಸ್ತಿ ಹೊತ್ತು ಬೇಕಾಗಿರಲಿಲ್ಲ. 2004ರ ಸೆಪ್ಟೆಂಬರ್ 8ರಂದು, 86ನೇ ವಯಸ್ಸಿನಲ್ಲಿ ನಿದ್ದೆಯಲ್ಲೇ ಹೋದ.

ಈಗ ಬೋಸ್ಟನ್ ಪ್ರಶ್ನೆಗೆ ಬರೋಣ. ಬಟ್ಲರ್ ಬಳಗದಲ್ಲಿ ಲೂಯಿಸ್ ಬೀಮ್ ಅನ್ನೋ ಒಬ್ಬನಿದ್ದ. ಟೆಕ್ಸಸ್‌ನವನು, ಕ್ಲಾನ್ ನಾಯಕನಾಗಿದ್ದವನು, ಫೋರ್ಟ್ ಸ್ಮಿತ್‌ನಲ್ಲಿ ಬಿಡುಗಡೆಯಾದವರಲ್ಲಿ ಇವನೂ ಸೇರಿದ್ದ. ಇಡೀ ಗುಂಪಿನಲ್ಲಿ ಮುಂದಿನ ದಾರಿ ಕಂಡವನು ಇವನೇ ಅಂತ ನನ್ನ ಅಭಿಪ್ರಾಯ, ಬೇಜಾರಿನಿಂದಲೇ ಹೇಳ್ತೀನಿ. ಇಂಟರ್ನೆಟ್ ಮನೆಮನೆಗೆ ಬರೋಕೆ ಹತ್ತು ವರ್ಷ ಮೊದಲೇ, 1984ರ ಹೊತ್ತಿಗೆ, ಟೆಲಿಫೋನ್ ಲೈನ್ ಮೂಲಕ ಕಂಪ್ಯೂಟರ್‌ಗಳನ್ನು ಜೋಡಿಸಿ ಆರ್ಯನ್ ನೇಷನ್ಸ್‌ಗೆ ಒಂದು ಜಾಲ ಮಾಡಿಕೊಟ್ಟ. 'ನಾಯಕನಿಲ್ಲದ ಪ್ರತಿರೋಧ' ಅನ್ನೋ ಯೋಚನೆಯನ್ನು ಈ ವಲಯದಲ್ಲಿ ಹಬ್ಬಿಸಿದವನೂ ಅವನೇ. ಸಂಘಟನೆ ಅಂತ ಇದ್ದರೆ ಪೊಲೀಸರ ಆಳು ಒಳಗೆ ನುಗ್ಗುತ್ತಾನೆ, ಮೇಲಿನವರನ್ನು ಹಿಡಿದರೆ ಎಲ್ಲಾ ಮುಗಿಯುತ್ತೆ. ಅದಕ್ಕೆ ಮೇಲಿನವರು ಅಂತಲೇ ಬೇಡ, ಒಬ್ಬೊಬ್ಬರು ತಮ್ಮಷ್ಟಕ್ಕೆ ತಾವು ನಿರ್ಧಾರ ಮಾಡಲಿ ಅನ್ನೋದು ಅದರ ತಿರುಳು.

ಬಟ್ಲರ್ ಇದನ್ನು ಕೇಳಿಸಿಕೊಂಡ, ಆದರೆ ತನ್ನ ಚರ್ಚು, ತನ್ನ ಗೇಟು, ತನ್ನ ಸಮವಸ್ತ್ರ ಬಿಡಲಿಲ್ಲ. ಯಜಮಾನಿಕೆಯ ರುಚಿ ಹಾಗೆ. ಆ ರುಚಿಯೇ ಅವನನ್ನು ಕೋರ್ಟಿನಲ್ಲಿ ಸಿಕ್ಕಿಹಾಕಿಸಿತು. ಮುಂದಿನ ಪೀಳಿಗೆ ಮಾತ್ರ ಬೀಮ್‌ನ ದಾರಿಯಲ್ಲೇ ನಡೆಯಿತು. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು, ಅದೇ ವರ್ಷ ಎಲ್ ಪಾಸೋದಲ್ಲಿ 23 ಜನರನ್ನು ಕೊಂದವನು, 2022ರಲ್ಲಿ ಬಫಲೋದ ಅಂಗಡಿಯಲ್ಲಿ 10 ಕಪ್ಪು ಜನರನ್ನು ಕೊಂದವನು, ಈ ಮೂವರಿಗೂ ಯಾರೂ ಆಜ್ಞೆ ಕೊಟ್ಟಿರಲಿಲ್ಲ. ಮೂವರಿಗೂ ತಲೆ ಕೆಟ್ಟಿದ್ದು ಸ್ಕ್ರೀನ್ ಮುಂದೆ. ಇವರ ಕೈಗೆ ಬಂದೂಕು ಕೊಟ್ಟ ಬಟ್ಲರ್ ಯಾರು ಅಂತ ಹುಡುಕಿಕೊಂಡು ಹೋದರೆ ಸಿಗೋದು ನೂರಾರು ಅನಾಮಧೇಯ ಖಾತೆಗಳು.

ಹಾಗಂತ ಸಿವಿಲ್ ಕೇಸು ಕೆಲಸಕ್ಕೇ ಬರೋದಿಲ್ಲ ಅಂತಲ್ಲ. 2017ರಲ್ಲಿ ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯರ ಗುಂಪುಗಳು ಸೇರಿ ನಡೆಸಿದ ಹಿಂಸೆಯ ಸಂಘಟಕರ ಮೇಲೆ 2021ರ ನವೆಂಬರಿನಲ್ಲಿ ಜ್ಯೂರಿ ಎರಡೂವರೆ ಕೋಟಿ ಡಾಲರಿಗೂ ಜಾಸ್ತಿ ಹೊರೆ ಹಾಕಿತು. ವರ್ಜೀನಿಯಾ ಕಾನೂನಿನ ಮಿತಿಯಿಂದಾಗಿ ಆಮೇಲೆ ಮೊತ್ತ ತುಂಬಾ ಇಳಿಯಿತು, ಆರೋಪಿಗಳಲ್ಲಿ ಕೆಲವರು ಜೈಲಿನಲ್ಲಿ, ಕೆಲವರ ಕೈ ಖಾಲಿ. ಆದರೂ ವರ್ಷಗಟ್ಟಲೆ ನಡೆದ ಕೇಸು ಅವರನ್ನು ಸುಸ್ತು ಮಾಡಿತು. ಇನ್ನೊಂದು ಉದಾಹರಣೆ ಪ್ರೌಡ್ ಬಾಯ್ಸ್ ಅನ್ನೋ ಉಗ್ರ ಬಲಪಂಥದ ಗುಂಪು. ಇವರು ತಮ್ಮನ್ನು ಬಿಳಿಯರ ಸಂಘಟನೆ ಅಂತ ಕರೆದುಕೊಳ್ಳೋದಿಲ್ಲ, ಆದರೆ 2020ರ ಡಿಸೆಂಬರಿನಲ್ಲಿ ವಾಷಿಂಗ್ಟನ್‌ನ ಒಂದು ಹಳೆಯ ಕಪ್ಪು ಚರ್ಚಿನ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಫಲಕವನ್ನು ಕಿತ್ತು ಹಾಳು ಮಾಡಿದ್ದರು. ಚರ್ಚು 28 ಲಕ್ಷ ಡಾಲರಿನ ಕೇಸು ಗೆದ್ದಿತು. ದುಡ್ಡು ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಕೋರ್ಟು ಗುಂಪಿನ ಹೆಸರಿನ ಟ್ರೇಡ್‌ಮಾರ್ಕನ್ನೇ ಚರ್ಚಿಗೆ ಕೊಟ್ಟಿತು. ಅಂದರೆ ಆ ಹೆಸರು ಹಾಕಿದ ಟೀಶರ್ಟ್ ಮಾರಬೇಕಾದರೂ ಚರ್ಚಿನ ಒಪ್ಪಿಗೆ ಬೇಕು. ಐಡಹೋದ ತಾಯಿ ಮಗನಿಗೆ ಸಿಕ್ಕಿದ ಹೆಸರಿನ ಹಕ್ಕು ಇಲ್ಲಿ ಮತ್ತೆ ಬಂತು ನೋಡಿ.

ಕೋರ್ ಡಲೇನ್ ಏನಾಯಿತು? 2022ರ ಜೂನ್ 11ರಂದು ಅಲ್ಲಿಯ ಪಾರ್ಕಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಕಾರ್ಯಕ್ರಮ ನಡೆಯುತ್ತಿತ್ತು. ಬಾಡಿಗೆ ಟ್ರಕ್ಕಿಗೆ ಮುಖ ಮುಚ್ಚಿಕೊಂಡ ಗಂಡಸರು ಗುಂಪಾಗಿ ಹತ್ತುವುದನ್ನು ಕಂಡ ಯಾರೋ ಒಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಟ್ರಕ್ ನಿಲ್ಲಿಸಿ ಹಿಂಬಾಗಿಲು ಎತ್ತಿದರೆ ಒಳಗೆ 31 ಜನ ಪೇಟ್ರಿಯಟ್ ಫ್ರಂಟ್‌ನವರು, ಗುರಾಣಿಗಳ ಸಮೇತ. ಹತ್ತಕ್ಕೂ ಜಾಸ್ತಿ ರಾಜ್ಯಗಳಿಂದ ಬಂದವರು, ಐಡಹೋದವರು ಹುಡುಕಿದರೂ ಸಿಗೋದು ಕಷ್ಟ. ಬಟ್ಲರ್‌ನ ಕಾಲದಲ್ಲಿ ಹೀಗಿರಲಿಲ್ಲ, ಆಗ ಇಂಥವರ ಮನೆ ಯಾವುದು ಅಂತ ಊರಿಗೆಲ್ಲ ಗೊತ್ತಿತ್ತು.

2024ರ ಮಾರ್ಚಿನಲ್ಲಿ ಇನ್ನೊಂದು. ಯೂಟಾ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಸ್ಪೊಕೇನ್‌ನಲ್ಲಿ ನಡೆಯುತ್ತಿದ್ದ ಪಂದ್ಯಕ್ಕೆ ಬಂದು, ಅಲ್ಲಿ ಹೋಟೆಲ್ ಸಿಗದೆ ಕೋರ್ ಡಲೇನ್‌ನಲ್ಲಿ ಉಳಿದುಕೊಂಡಿತ್ತು. ಊಟಕ್ಕೆ ಹೋಗುವಾಗ, ಬರುವಾಗ ಗಾಡಿಯಿಂದ ಜನಾಂಗ ಹಿಡಿದು ಬೈದರು. ತಂಡ ಹೋಟೆಲ್ ಬದಲಾಯಿಸಿತು, ಊರಿನ ಅಧಿಕಾರಿಗಳು ಬಹಿರಂಗವಾಗಿ ಕ್ಷಮೆ ಕೇಳಿದರು. ಪೊಲೀಸರು ತನಿಖೆ ಮಾಡಿದರು, 18 ವರ್ಷದ ಒಬ್ಬ ಹುಡುಗ ಬೈದಿದ್ದು ನಾನೇ ಅಂತ ಒಪ್ಪಿಕೊಂಡ. ಮಾತು ಎಷ್ಟೇ ಅಸಹ್ಯ ಆಗಿದ್ದರೂ ಮೊದಲ ತಿದ್ದುಪಡಿಯ ರಕ್ಷಣೆ ಅದಕ್ಕಿದೆ ಅಂತ ಹೇಳಿ ನಗರದ ಪ್ರಾಸಿಕ್ಯೂಟರ್ ಮೇ ತಿಂಗಳಲ್ಲಿ ಫೈಲ್ ಮುಚ್ಚಿದರು.